1358 ಫಸಲಿಯ ಕಡತಗಳು

ಸೆಪ್ಟೆಂಬರ್ 17 ಬಂದಿತೆಂದರೆ ನಾವು ನೆಲೆಸಿರುವ ಈ ಹೈದರಾಬಾದಿನಲ್ಲಿ ಒಂದೇ ದಿನಕ್ಕೆ ಮೂರು ನಾಲ್ಕು ಹೆಸರುಗಳು ಹುಟ್ಟಿಕೊಳ್ಳುತ್ತವೆ. ಒಬ್ಬರಿಗೆ ಅದು ವಿಮೋಚನಾ ದಿನ, ಇನ್ನೊಬ್ಬರಿಗೆ ಏಕೀಕರಣ ದಿನ, ಮತ್ತೊಬ್ಬರಿಗೆ ಪ್ರಜಾಪಾಲನಾ ದಿನ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳಲ್ಲಿ 2019ರ ನಂತರ ಅದು ಕಲ್ಯಾಣ ಕರ್ನಾಟಕ ಉತ್ಸವವಾಗಿದೆ. ಗಡಿಯಾಚೆಯ ಮರಾಠವಾಡದಲ್ಲಿ ಮುಕ್ತಿ ಸಂಗ್ರಾಮದ ದಿನ. ಹಳೆಯ ಶಹರದ ಕೆಲವು ಮನೆಗಳಲ್ಲಿ ಆ ದಿನ ಯಾವ ಹೆಸರನ್ನೂ ಹೇಳದೆ ಸುಮ್ಮನಿರುತ್ತಾರೆ. ಧ್ವಜ ಏರಿಸುವವರೂ ಸುಮ್ಮನಿರುವವರೂ 1948ನ್ನು ಕುರಿತು ಬಲ್ಲದ್ದೆಲ್ಲ ಬಹುಮಟ್ಟಿಗೆ ಮನೆಯ ಹಿರಿಯರ ಬಾಯಿಂದ ಬಂದದ್ದು. ಬಾಯಿಮಾತಿನ ಬೆಲೆಯನ್ನು ನಾನು ಕಡಿಮೆಯೆಂದು ಹೇಳುತ್ತಿಲ್ಲ. ಆದರೆ ಆ ಒಂದೂವರೆ ವರ್ಷದಲ್ಲಿ ಕಾಗದದ ಮೇಲೂ ಒಂದು ಕಥೆ ಬರೆಯಲ್ಪಟ್ಟಿತು. ಅದನ್ನು ಬರೆದದ್ದು ನ್ಯಾಯಾಲಯ. ಆ ಕಾಗದದ ಬಗೆಗೆ ನಮ್ಮ ಸಂಘಗಳಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಮಾತೇ ಇಲ್ಲವೆನ್ನುವಷ್ಟು ಕಡಿಮೆ. ಈ ಸಂಚಿಕೆಯ ಸಂಪಾದಕೀಯವನ್ನು ಅದಕ್ಕೇ ಮೀಸಲಿಡುತ್ತಿದ್ದೇನೆ.

ಹಿನ್ನೆಲೆ ಬಲ್ಲವರಿಗೆ ಬೇಸರವಾಗದಿರಲೆಂದು ಚುಟುಕಾಗಿಯೇ ಹೇಳುತ್ತೇನೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಕದನ ನಿಲ್ಲಿಸಿದರು. ಮರುದಿನ ಅವರ ಸೇನಾಧಿಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ಶರಣಾದರು. ಚೌಧುರಿಯವರು ಮಿಲಿಟರಿ ಗವರ್ನರ್ ಆದರು. ಸುಮಾರು 1949ರ ಕೊನೆಯವರೆಗೆ ಸಂಸ್ಥಾನ ಅವರ ಕೈಯಲ್ಲಿತ್ತು. ಇದನ್ನು ಯುದ್ಧವೆನ್ನಲು ದೆಹಲಿ ಒಪ್ಪಲಿಲ್ಲ, ‘ಪೊಲೀಸ್ ಕಾರ್ಯಾಚರಣೆ’ ಎಂದಿತು. ನಿಜಾಮರು ಸಿಂಹಾಸನದಲ್ಲೇ ಇದ್ದರು. ಅವರ ಫರ್ಮಾನಿನ ಮೂಲಕವೇ ಅಧಿಕಾರ ಸೇನಾಧಿಕಾರಿಗೆ ಹೋಯಿತು. ಹೀಗಾಗಿ ಅದು ಒಳಾಡಳಿತವೋ ಸೇನಾ ಆಕ್ರಮಿತ ಪ್ರದೇಶದ ಆಡಳಿತವೋ ಎಂಬ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಬೇಕಾಗಲಿಲ್ಲ. ಈ ಅಸ್ಪಷ್ಟತೆಯ ನೆರಳು ಮುಂದೆ ಗಲ್ಲುಶಿಕ್ಷೆಗೊಳಗಾದ ಮನುಷ್ಯರ ಮೇಲೆ ಹೇಗೆ ಬಿತ್ತೆಂಬುದನ್ನು ಆಮೇಲೆ ನೋಡೋಣ.

ಮಿಲಿಟರಿ ಗವರ್ನರ್ ಹೊರಡಿಸಿದ ಶಾಸನಗಳಲ್ಲಿ ಒಂದು, 1358 ಫಸಲಿಯ 5ನೆಯ ನಂಬರಿನ ವಿಶೇಷ ನ್ಯಾಯಮಂಡಳಿಗಳ ರೆಗ್ಯುಲೇಷನ್. ಜನರ ಬಾಯಲ್ಲಿ ಅದು ‘ಸ್ಪೆಷಲ್ ಟ್ರಿಬ್ಯುನಲ್’. ಸುಮಾರಾಗಿ 1948ರ ಅಕ್ಟೋಬರಿನಿಂದ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗಿನ ಅವಧಿಯೇ 1358 ಫಸಲಿ. ಗವರ್ನರ್ ನೇಮಿಸಿದ ಮೂವರು ಸದಸ್ಯರ ಮಂಡಳಿ. ಯಾವ ಅಪರಾಧ ಅದರ ಮುಂದೆ ಹೋಗಬೇಕೆಂದು ನಿರ್ದೇಶಿಸುವ ಅಧಿಕಾರವೂ ಗವರ್ನರ್‌ ಕಡೆಯದೇ. ಕೊಲೆಯ ಆರೋಪವಿದ್ದರೂ ಕಮಿಟಲ್ ವಿಚಾರಣೆಯ ಮೆಟ್ಟಿಲು ಇಲ್ಲ. ಮ್ಯಾಜಿಸ್ಟ್ರೇಟರು ವಾರಂಟ್ ಮೊಕದ್ದಮೆಗಳಿಗೆ ಅನುಸರಿಸುವ ಚಿಕ್ಕ ದಾರಿಯಲ್ಲೇ ವಿಚಾರಣೆ. ಅನಗತ್ಯವೆನಿಸಿದರೆ ಸಾಕ್ಷಿಯನ್ನು ಕರೆಸದಿರಬಹುದು, ಮೊಕದ್ದಮೆಯನ್ನು ಮುಂದೂಡಲೇಬೇಕೆಂಬ ನಿರ್ಬಂಧವೂ ಇಲ್ಲ.

ಇವೆಲ್ಲಕ್ಕಿಂತ ನನ್ನನ್ನು ಕಾಡಿದ್ದು ಅದರಲ್ಲಿನ ಇನ್ನೊಂದು ಮಾತು. ಸಾಕ್ಷಿ ಹೇಳಿದ್ದನ್ನು ಪೂರ್ತಿ ಬರೆದುಕೊಳ್ಳಬೇಕಾಗಿಲ್ಲ; ಸಾಮಾನ್ಯವಾಗಿ ಸಾಕ್ಷ್ಯದ ಸಾರಾಂಶದ ಟಿಪ್ಪಣಿಯೊಂದಿದ್ದರೆ ಸಾಕು. ಕಾನೂನಿನ ಪುಸ್ತಕದಲ್ಲಿ ಇದು ಸಮಯ ಉಳಿಸುವ ಉಪಾಯ. ಆದರೆ ನಮ್ಮ ಮೂರು ಜಿಲ್ಲೆಗಳ ಮನುಷ್ಯನ ಕಡೆಯಿಂದ ಒಮ್ಮೆ ನೋಡಿ. ಆತ ಮಾತಾಡುವುದು ಕನ್ನಡ, ಅದೂ ಬೀದರಿನ ಕನ್ನಡ. ಸಂಸ್ಥಾನದ ಪೊಲೀಸು ಠಾಣೆಯ ರೋಜನಾಮೆ, ಪಂಚನಾಮೆ, ಅದಾಲತ್ತಿನ ಮಿಸಲು ಎಲ್ಲವೂ ಉರ್ದುವಿನಲ್ಲಿ. ಮೊಕದ್ದಮೆ ಮೇಲೇರುತ್ತ ಸುಪ್ರೀಂ ಕೋರ್ಟು ತಲುಪಿದರೆ ಅಲ್ಲಿ ಇಂಗ್ಲಿಷು. ಒಂದು ಭಾಷೆಯಲ್ಲಿ ಅತ್ತದ್ದು ಎರಡನೆಯ ಭಾಷೆಗೆ ಹೋಗಿ, ಅಲ್ಲಿ ಸಾರಾಂಶವಾಗಿ, ಮೂರನೆಯ ಭಾಷೆಯಲ್ಲಿ ತೀರ್ಪಾಗುವ ಹಾದಿಯಲ್ಲಿ ಎಷ್ಟು ಸೋರಿಹೋಗಿರಬಹುದು? ನಮ್ಮ ಸಂಘದಲ್ಲಿ ಔರಾದ ತಾಲ್ಲೂಕಿನ ಹಿರಿಯ ಸದಸ್ಯರೊಬ್ಬರಿದ್ದರು, ಈಗಿಲ್ಲ. ಹುಡುಗನಾಗಿದ್ದಾಗ ಅಂಥ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳಿದ್ದೆನೆಂದು ಅವರು ಹೇಳುತ್ತಿದ್ದರು. ಏನು ಹೇಳಿದಿರಿ ಎಂದು ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: “ನಾ ಹೇಳಿದ್ದು ನನಗ ನೆಪ್ಪದರಿ. ಅವ್ರು ಬರ್ಕೊಂಡಿದ್ದು ಏನಂತ ಆ ದೇವ್ರಿಗೇ ಗೊತ್ತು.” ಅರ್ಧ ತಾಸು ಮಾತಾಡಿದವನ ಎದುರು ಗುಮಾಸ್ತನ ಲೇಖಣಿ ಎರಡು ಸಲ ಮಾತ್ರ ಅಲುಗಿದ್ದನ್ನು ಅವರು ಮರೆತಿರಲಿಲ್ಲ.

ಈ ಮಂಡಳಿಗಳ ಮುಂದೆ ನಿಂತವರು ಯಾರೆಂಬುದು ಇನ್ನೂ ಸ್ವಾರಸ್ಯದ ಸಂಗತಿ. ಒಂದು ಕಡೆ ರಜಾಕಾರರು ಮತ್ತು ನಿಜಾಮರ ಅಧಿಕಾರಿಗಳು. ಇನ್ನೊಂದು ಕಡೆ ಅದೇ ರಜಾಕಾರರ ವಿರುದ್ಧ, ದೇಶಮುಖರ ವಿರುದ್ಧ ಬಂದೂಕು ಹಿಡಿದಿದ್ದ ತೆಲಂಗಾಣದ ಕಮ್ಯುನಿಸ್ಟ್ ರೈತರು. ನಿನ್ನೆಯವರೆಗೆ ಒಬ್ಬರನ್ನೊಬ್ಬರು ಬೇಟೆಯಾಡುತ್ತಿದ್ದವರು ಒಂದೇ ಶಾಸನದ ಕೆಳಗೆ ಕೈದಿಗಳಾದರು. ಇಂದು ಈ ಇಬ್ಬರಲ್ಲಿ ಒಬ್ಬರ ಪರ ಮಾತಾಡುವವರು ಇನ್ನೊಬ್ಬರ ಮೊಕದ್ದಮೆಯನ್ನು ಎತ್ತುವುದೇ ಇಲ್ಲ. ಕಡತವನ್ನು ಬಿಚ್ಚಿದರೆ ಮಾತ್ರ ಇಬ್ಬರೂ ಒಟ್ಟಿಗೆ ಕಾಣಸಿಗುತ್ತಾರೆ.

ಲಾತೂರಿನ ವಕೀಲ ಖಾಸಿಂ ರಜ್ವಿಯ ಮೊಕದ್ದಮೆ ಎಲ್ಲರಿಗೂ ಗೊತ್ತಿರುವಂಥದು. 1948ರ ಜನವರಿ 10ರ ಬೀಬಿನಗರದ ದಾಳಿ ಒಂದು ಆರೋಪ. ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರ ಕೊಲೆ ಇನ್ನೊಂದು. ರಜಾಕಾರರನ್ನು ಟೀಕಿಸಿ ಭಾರತದೊಂದಿಗೆ ವಿಲೀನವನ್ನು ಬೆಂಬಲಿಸಿ ಬರೆದ ಆ ತರುಣನನ್ನು 1948ರ ಆಗಸ್ಟ್ 21ರ ರಾತ್ರಿ, ನಮ್ಮ ಕನ್ನಡಿಗರು ದಿನವೂ ಓಡಾಡುವ ಕಾಚಿಗುಡದ ಸಮೀಪದಲ್ಲೇ ಕಡಿದುಹಾಕಿದರು. ಕೊಲೆಯ ಆರೋಪದಿಂದ ರಜ್ವಿ ಹೈಕೋರ್ಟಿನಲ್ಲಿ ಬಿಡುಗಡೆಯಾದ. ಬೀಬಿನಗರದ ಪ್ರಕರಣದ ಏಳು ವರ್ಷಗಳ ಶಿಕ್ಷೆ ಉಳಿಯಿತು. ಈ ವಿಚಾರಣೆಯ ಕ್ರಮವೇ ಸಂವಿಧಾನದ 14ನೆಯ ವಿಧಿಗೆ, ಅಂದರೆ ಸಮಾನತೆಗೆ, ವಿರುದ್ಧವೆಂಬ ವಾದ ಸುಪ್ರೀಂ ಕೋರ್ಟಿಗೆ ಹೋಯಿತು. 1953ರ ಜನವರಿಯಲ್ಲಿ ಮೂವರು ನ್ಯಾಯಮೂರ್ತಿಗಳು ವಾದವನ್ನು ತಳ್ಳಿಹಾಕಿದರು, ವಿವಿಯನ್ ಬೋಸ್ ಮತ್ತು ಗುಲಾಂ ಹಸನ್ ಒಪ್ಪಲಿಲ್ಲ. ಬಹುಮತದವರು ಗಮನಿಸಿದ ಸಂಗತಿಗಳಲ್ಲಿ ಒಂದು, ಶಾಸನ ಸಾರಾಂಶವೇ ಸಾಕೆಂದರೂ ಆ ಮೊಕದ್ದಮೆಯಲ್ಲಿ ಸಾಕ್ಷ್ಯವನ್ನು ಬಹುಪಾಲು ಪೂರ್ತಿಯಾಗಿಯೇ ಬರೆದುಕೊಳ್ಳಲಾಗಿತ್ತು ಎಂಬುದು. ದೊಡ್ಡ ಮನುಷ್ಯನ ಮೊಕದ್ದಮೆಯಾದರೆ ಗುಮಾಸ್ತನ ಲೇಖಣಿಯೂ ಓಡುತ್ತದೆ. ರಜ್ವಿ 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನ ಸೇರಿದ.

ಅದೇ ಓಡಾಟ ಇಲ್ಲದ ಕಡತಗಳು ನಲ್ಗೊಂಡ ಕಡೆಯ ರೈತರವು. 1949ರ ಆಗಸ್ಟಿನಲ್ಲಿ ವಿಶೇಷ ನ್ಯಾಯಮಂಡಳಿ ಅವರಲ್ಲಿ ಹಲವರಿಗೆ ಮರಣದಂಡನೆ ವಿಧಿಸಿತು. ಹೈದರಾಬಾದ್ ಹೈಕೋರ್ಟು ಡಿಸೆಂಬರಿನ ನಡುಭಾಗದಲ್ಲಿ ಅದನ್ನು ಎತ್ತಿಹಿಡಿಯಿತು. ‘ತೆಲಂಗಾಣದ ಹನ್ನೆರಡು ಮಂದಿ’ ಎಂದು ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾದವರು ಇವರೇ. ಹೈಕೋರ್ಟಿನ ಆಜ್ಞೆಗೂ ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ಕ್ಕೂ ನಡುವೆ ಇದ್ದದ್ದು ಆರು ವಾರ. ಮೇಲ್ಮನವಿ ಸುಪ್ರೀಂ ಕೋರ್ಟು ತಲುಪಿದಾಗ, 1950ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿದ್ದೇನು? ತೀರ್ಪು ಹೊರಬಿದ್ದ ದಿನ ಹೈದರಾಬಾದಿನ ಹೈಕೋರ್ಟು ಭಾರತದ ಪ್ರದೇಶದೊಳಗಿನ ನ್ಯಾಯಾಲಯವಾಗಿರಲಿಲ್ಲ. ಆದ್ದರಿಂದ ಅದರ ಮೇಲಿನ ಮನವಿಯನ್ನು ಕೇಳುವ ಅಧಿಕಾರ ತನಗಿಲ್ಲ ಎಂದು.

ಈ ಮಾತನ್ನು ನಾನು ಹಲವು ಸಲ ಓದಿದ್ದೇನೆ. ಸೇನೆ ಒಳನುಗ್ಗಿದ್ದು ‘ಪೊಲೀಸ್ ಕಾರ್ಯಾಚರಣೆ’, ಅಂದರೆ ಮನೆಯೊಳಗಿನ ವಿಷಯ. ಗಲ್ಲಿಗೇರಬೇಕಾದವನು ಮನೆಯ ಹಿರಿಯನ ಬಾಗಿಲು ತಟ್ಟಿದಾಗ ಮಾತ್ರ, ನೀನು ಆಗ ಹೊರಗಿನವನಾಗಿದ್ದೆ ಎಂಬ ಉತ್ತರ. ಸಂವಿಧಾನದ ಪದಗಳನ್ನು ಹಿಡಿದು ನೋಡಿದರೆ ನ್ಯಾಯಮೂರ್ತಿಗಳ ತರ್ಕದಲ್ಲಿ ತಪ್ಪು ತೋರಿಸುವುದು ಕಷ್ಟ. ತರ್ಕ ಸರಿಯಿದ್ದೂ ಮನಸ್ಸು ಒಪ್ಪದ ಇಂಥ ಸ್ಥಿತಿ ಹುಟ್ಟಿದ್ದು, ಆಕ್ರಮಣವನ್ನು ಆಕ್ರಮಣವೆಂದು ಕರೆಯಲು ಹಿಂಜರಿದ ಆ ಮೊದಲ ಅಸ್ಪಷ್ಟತೆಯಿಂದಲೇ ಎಂದು ನನ್ನ ಭಾವನೆ.

ಅವರ ಪರವಾಗಿ ಇಂಗ್ಲೆಂಡಿನ ಹೆಸರಾಂತ ಬ್ಯಾರಿಸ್ಟರ್ ಡಿ. ಎನ್. ಪ್ರಿಟ್ ವಾದಿಸಲು ಬಂದರು. 1951ರ ಮಾರ್ಚಿನಲ್ಲಿ ಎರಡನೆಯ ಅರ್ಜಿಯೂ ವಜಾ ಆಯಿತು. ಕೊನೆಗೆ ಅವರು ಗಲ್ಲಿಗೇರಲಿಲ್ಲ, ಶಿಕ್ಷೆ ಜೀವಾವಧಿಗೆ ಇಳಿಯಿತು. ಆ ಎರಡನೆಯ ತೀರ್ಪಿನಲ್ಲಿ ಚರ್ಚೆಯಾದ ಮುಖ್ಯ ಪ್ರಶ್ನೆಗಳಲ್ಲೊಂದು, ಆರೋಪಿಗಳಿಗೆ ವಕೀಲರಿದ್ದರೇ ಎಂಬುದು. ವಕೀಲರನ್ನು ಇಟ್ಟುಕೊಳ್ಳಲು ತಮಗೆ ಅವಕಾಶವೇ ಸಿಗಲಿಲ್ಲವೆಂದು ಆರೋಪಿಗಳ ದೂರು. ವಕೀಲನಿಲ್ಲದ ಮಾತ್ರಕ್ಕೆ ವಿಚಾರಣೆ ಅಸಿಂಧುವಾಗದೆಂದು ನ್ಯಾಯಾಲಯ ನಿರ್ಣಯಿಸಿದರೂ, ಪ್ರಾಣದ ಪ್ರಶ್ನೆಯಿದ್ದಾಗ ವಕೀಲನನ್ನು ಒದಗಿಸಲು ಮಂಡಳಿ ತಾನಾಗಿ ಮುಂದಾಗಬೇಕಿತ್ತು ಎಂಬರ್ಥದ ಮಾತನ್ನು ಸೇರಿಸಿತು. ಮನುಷ್ಯನ ಕುತ್ತಿಗೆ ಆತುಕೊಂಡಿದ್ದ ಆ ಪ್ರಶ್ನೆಗೆ ಉತ್ತರ ಹುಡುಕಲು ಯಾರಿಗಾದರೂ ಇದ್ದ ಆಧಾರ, ಮಂಡಳಿಯ ಆ ದಿನದ ಬರವಣಿಗೆ. ಕಡತವೆಂದರೆ ಇದು.

ವರಂಗಲ್ಲಿನ ಸುಬೇದಾರರಾಗಿದ್ದ ಹಬೀಬ್ ಮಹಮ್ಮದರ ಪ್ರಕರಣ ಇದರ ಇನ್ನೊಂದು ಮಗ್ಗುಲು. 1947ರ ಡಿಸೆಂಬರಿನಲ್ಲಿ ಗುರ್ತೂರೆಂಬ ಹಳ್ಳಿಯಲ್ಲಿ ಗುಂಡು ಹಾರಿಸಿ ಮನೆಗಳಿಗೆ ಬೆಂಕಿಯಿಡಿಸಿದರೆಂಬ ಆರೋಪ, ಮರಣದಂಡನೆ. 1953ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಕಾರಣ, ಸ್ಥಳದಲ್ಲಿದ್ದ ಮುಖ್ಯ ಪೊಲೀಸ್ ಅಧಿಕಾರಿಯನ್ನೇ ಪ್ರಾಸಿಕ್ಯೂಷನ್ ಸಾಕ್ಷಿಯಾಗಿ ಕರೆಸಿರಲಿಲ್ಲ, ಆರೋಪಿ ಕೇಳಿದ ಸಾಕ್ಷಿಗಳನ್ನೂ ಕರೆಸಿರಲಿಲ್ಲ. ರಜಾಕಾರರ ಕಾಲದ ಅಧಿಕಾರಿಗೂ ಕಮ್ಯುನಿಸ್ಟ್ ರೈತನಿಗೂ ಒಂದೇ ಆತುರದ ವಿಧಾನ ಒಂದೇ ಅನ್ಯಾಯವನ್ನು ಮಾಡಬಲ್ಲದು. ಗುರ್ತೂರಿನಲ್ಲಿ ಮನೆ ಸುಟ್ಟುಹೋದವರ ಗತಿಯೇನೆಂದು ಯಾರಾದರೂ ಕೇಳಿದರೆ, ಅವರಿಗೂ ಆ ಆತುರದಿಂದಲೇ ನ್ಯಾಯ ತಪ್ಪಿತು ಎನ್ನಬೇಕಾಗುತ್ತದೆ.

ಇನ್ನು ನಮ್ಮದೇ ನೆಲದ ಮಾತು. ಇಲ್ಲಿ ನಾನು ಸ್ವಲ್ಪ ಎಚ್ಚರದಿಂದ ಬರೆಯಬೇಕು, ಏಕೆಂದರೆ ಈ ಪತ್ರಿಕೆಯ ಓದುಗರಲ್ಲಿ ಎರಡೂ ಬಗೆಯ ಮನೆಗಳವರಿದ್ದಾರೆ. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಅಜ್ಜಿಯರಿಂದ ಕೇಳಿ ಬೆಳೆದವರಿದ್ದಾರೆ. ಮುಂಡರಗಿ, ಗದಗ, ಸೊಲ್ಲಾಪುರದ ಗಡಿ ಶಿಬಿರಗಳಿಗೆ ಓಡಿಹೋಗಿ ಬದುಕಿಕೊಂಡವರ ಮಕ್ಕಳಿದ್ದಾರೆ. ಹಾಗೆಯೇ ಸೆಪ್ಟೆಂಬರಿನ ನಂತರದ ವಾರಗಳಲ್ಲಿ ಅಪ್ಪ, ಚಿಕ್ಕಪ್ಪಂದಿರನ್ನು ಕಳೆದುಕೊಂಡ ಕನ್ನಡ ಮಾತಾಡುವ ಮುಸಲ್ಮಾನ ಮನೆಗಳವರೂ ಇದ್ದಾರೆ. ಆ ವರ್ಷದ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಪಂಡಿತ ಸುಂದರಲಾಲ, ಖಾಜಿ ಅಬ್ದುಲ್ ಗಫ್ಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಭಾರತ ಸರ್ಕಾರದ ಪರವಾಗಿ ಜಿಲ್ಲೆಗಳನ್ನು ಸುತ್ತಿ ವರದಿ ಬರೆದರು. ಕಾರ್ಯಾಚರಣೆಯ ಕಾಲದಲ್ಲೂ ಅನಂತರವೂ ಸತ್ತವರು ಕನಿಷ್ಠವೆಂದರೂ 27 ಸಾವಿರದಿಂದ 40 ಸಾವಿರ ಎಂದು ಅವರ ಅಂದಾಜು. ಅತ್ಯಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅವರು ಹೆಸರಿಸಿದವು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗಾ ಮತ್ತು ಬೀದರ. ಎರಡು ನಮ್ಮವು. ನೇಕಾರರು ತಮ್ಮ ಕಸುಬಿನ ಮುಸಲ್ಮಾನ ನೇಕಾರರನ್ನು ಪ್ರಾಣ ಪಣವಿಟ್ಟು ಕಾಪಾಡಿದ್ದನ್ನೂ ಆ ವರದಿ ಬರೆದಿದೆ. ಅದನ್ನೂ ಯಾರೂ ಭಾಷಣದಲ್ಲಿ ಹೇಳುವುದಿಲ್ಲ. ವರದಿ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಮುಚ್ಚಿದ್ದು, 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ಸಿಕ್ಕಿತು.

ವಿಶೇಷ ನ್ಯಾಯಮಂಡಳಿಗಳಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಹೆಸರಾದ ಮೊಕದ್ದಮೆಗಳಲ್ಲಿ ಈ ಎರಡನೆಯ ಬಗೆಯ ಹತ್ಯೆಗಳದ್ದು ನನ್ನ ಓದಿಗೆ ಒಂದೂ ಬಿದ್ದಿಲ್ಲ. ಗೆದ್ದವನ ನ್ಯಾಯಾಲಯ ಸೋತವನ ಅಪರಾಧವನ್ನು ಮಾತ್ರ ಬರೆದಿಡುತ್ತದೆ ಎಂಬ ಆಕ್ಷೇಪ ಹೊಸದಲ್ಲ, ನ್ಯೂರೆಂಬರ್ಗ್ ವಿಚಾರಣೆಯ ಮೇಲೂ ಅದಿತ್ತು. ಆದರೆ ನ್ಯೂರೆಂಬರ್ಗಿನಲ್ಲಿ ಮುಖ್ಯ ವಿಚಾರಣೆಯ ದಾಖಲೆಯನ್ನು 42 ಸಂಪುಟಗಳಲ್ಲಿ ಅಚ್ಚುಹಾಕಿ ಜಗತ್ತಿನ ಮುಂದಿಟ್ಟರು. ಆಕ್ಷೇಪಿಸುವವನೂ ಅದೇ ಸಂಪುಟಗಳನ್ನು ಹಿಡಿದು ಆಕ್ಷೇಪಿಸಬಹುದು. ನಮಗೆ ಅಷ್ಟೂ ಇಲ್ಲ. ಅಂದಹಾಗೆ 1930ರ ಮೇ ತಿಂಗಳಲ್ಲಿ ಬ್ರಿಟಿಷರು ಮಾರ್ಷಲ್ ಲಾ ಹೇರಿದ ಸೊಲ್ಲಾಪುರದ ನೆನಪು ನಮ್ಮವರಿಗೆ ಇರಬೇಕು. ಆ ಗಲಭೆಯ ಮೊಕದ್ದಮೆಯಲ್ಲಿ 1931ರ ಜನವರಿ 12ರಂದು ಯರವಾಡದಲ್ಲಿ ಗಲ್ಲಿಗೇರಿದ ನಾಲ್ವರಲ್ಲಿ ಮಲ್ಲಪ್ಪ ಧನಶೆಟ್ಟಿಯೂ ಒಬ್ಬರು. ಪರಕೀಯ ಸರ್ಕಾರದ ಆ ದಾಖಲೆಗಳನ್ನು ಹುಡುಕಲು ನಾವು ತೋರಿದ ಉತ್ಸಾಹ ನಮ್ಮದೇ ಸರ್ಕಾರದ ದಾಖಲೆಯ ಮುಂದೆ ಏಕೆ ಕುಗ್ಗುತ್ತದೆ?

ಈ ಕಾಗದಗಳು ಚದುರಿದ ಬಗೆಯನ್ನೂ ಓದುಗರು ತಿಳಿಯಬೇಕು. ಒಂದು ಮೊಕದ್ದಮೆ ಹುಟ್ಟುವುದು ಠಾಣೆಯಲ್ಲಿ, ಬೆಳೆಯುವುದು ಮಂಡಳಿಯಲ್ಲಿ, ಮೇಲ್ಮನವಿ ಹೈಕೋರ್ಟಿನಲ್ಲಿ, ಕೈದಿಯ ಹೆಸರು ಜೈಲಿನ ರಿಜಿಸ್ಟರಿನಲ್ಲಿ. 1956ರಲ್ಲಿ ಸಂಸ್ಥಾನ ಮೂರು ಪಾಲಾಯಿತು: ಗುಲ್ಬರ್ಗಾ, ಬೀದರ, ರಾಯಚೂರು ಮೈಸೂರಿಗೆ, ಮರಾಠಿ ಜಿಲ್ಲೆಗಳು ಮುಂಬಯಿಗೆ, ಉಳಿದದ್ದು ಆಂಧ್ರಪ್ರದೇಶಕ್ಕೆ. ಜನರನ್ನು ಭಾಷೆಯ ಪ್ರಕಾರ ಹಂಚಬಹುದು, ಮಿಸಲನ್ನು ಹಾಗೆ ಹಂಚಲಾಗದು. ಬೀದರಿನ ಮನುಷ್ಯನ ಮೇಲ್ಮನವಿ ಮೂಸಿ ದಡದ ಹೈಕೋರ್ಟಿನದೇ ಆಗಿ ಉಳಿಯುತ್ತದೆ. ಅವನ ಮೊಮ್ಮಗ ಈಗ ಬೆಂಗಳೂರಿನ ವಿಳಾಸದಿಂದ, ಬೇರೆ ರಾಜ್ಯದವನಾಗಿ, ಓದಲು ಬಾರದ ಲಿಪಿಯ ಕಡತಕ್ಕೆ ಅರ್ಜಿ ಹಾಕಬೇಕು. ಇದಲ್ಲದೆ 1917ರ ದಾಖಲೆ ನಾಶದ ಕಾಯಿದೆಯ ಕೆಳಗೆ ಹೈಕೋರ್ಟುಗಳು ನಿಯಮ ಮಾಡಿಕೊಂಡು ಅವಧಿ ಮುಗಿದ ಕಾಗದಗಳನ್ನು ವಿಲೇವಾರಿ ಮಾಡಬಹುದು. ಸಾಮಾನ್ಯವಾಗಿ ತೀರ್ಪು ಉಳಿಯುತ್ತದೆ. ಸಾಕ್ಷಿಗಳ ಹೇಳಿಕೆ, ಅರ್ಜಿ, ವಕಾಲತ್ತುಗಳು ಮೊದಲು ಹೋಗುತ್ತವೆ. ನಮಗೆ ಬೇಕಾದ ಮನುಷ್ಯರ ದನಿ ಇರುವುದು ಆ ಹೋಗುವ ಭಾಗದಲ್ಲಿ.

2009ರಲ್ಲಿ ಹೈಕೋರ್ಟಿನ ಆ ಕಟ್ಟಡಕ್ಕೆ ಬೆಂಕಿ ಬಿದ್ದು ಗ್ರಂಥಾಲಯಕ್ಕೆ ಆದ ಹಾನಿಯನ್ನು ಈ ಊರಿನವರು ಮರೆತಿಲ್ಲ. ಈಗ ರಾಜೇಂದ್ರನಗರದಲ್ಲಿ ಹೊಸ ಹೈಕೋರ್ಟಿಗೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ. ದೊಡ್ಡ ಕಚೇರಿಯೊಂದು ಮನೆ ಬದಲಿಸುವಾಗ ಹಳೆಯ ಗಂಟುಗಳಿಗೆ ಏನಾಗುತ್ತದೆಂಬುದನ್ನು ವರ್ಗಾವಣೆಯ ನೌಕರಿ ಮಾಡಿದ ನಮ್ಮಂಥವರಿಗೆ ಹೇಳಿಕೊಡಬೇಕಾಗಿಲ್ಲ. ಕಚೇರಿಯೊಂದಕ್ಕೆ ಹಳೆಯ ಮಿಸಲೊಂದನ್ನು ಕೇಳಲು ನಾನು ಮೂರು ಸಲ ಹೋಗಿದ್ದೆ. ಮೊದಲ ಸಲ ಮೊಕದ್ದಮೆಯ ನಂಬರು ಕೇಳಿದರು. ಎರಡನೆಯ ಸಲ ನಂಬರು ಕೊಟ್ಟೆ. ಅದು ಫಸಲಿ ವರ್ಷದ್ದು, ಇಂಗ್ಲಿಷ್ ವರ್ಷ ತನ್ನಿ ಎಂದರು. ಮೂರನೆಯ ಸಲ ಹೋದಾಗ, ಇಷ್ಟು ಹಳೆಯದು ನಿಮಗೇಕೆ ಬೇಕು, ಜಮೀನಿನ ತಂಟೆಯೇ ಎಂದು ಅನುಕಂಪದಿಂದ ವಿಚಾರಿಸಿದರು.

ಇಂಥ ಕಡತ ತೆರೆದರೆ ಹಳೆಯ ಗಾಯ ಕೆದಕಿದಂತಾಗುತ್ತದೆ ಎಂಬ ಮಾತು ನಮ್ಮ ಕಾರ್ಯಕಾರಿ ಸಮಿತಿಯಲ್ಲೇ ಬಂದಿತು. ಸದುದ್ದೇಶದ ಮಾತು, ನಾನು ಗೌರವಿಸುತ್ತೇನೆ. ಆದರೆ ಗಾಯವನ್ನು ಯಾರೂ ಕೆದಕದೆ ಬಿಟ್ಟಿದ್ದಾರೆಯೇ? ಪ್ರತಿ ಚುನಾವಣೆಯಲ್ಲೂ ಕೆದಕುತ್ತಾರೆ. ಸತ್ತವರ ಸಂಖ್ಯೆ ಸಭೆಯಿಂದ ಸಭೆಗೆ ಏರುತ್ತದೆ, ಇನ್ನೊಂದು ಸಭೆಯಲ್ಲಿ ಸೊನ್ನೆಗೆ ಇಳಿಯುತ್ತದೆ. ಕಡತವಿಲ್ಲದ ಊರಿನಲ್ಲಿ ದನಿ ದೊಡ್ಡದಿದ್ದವನದೇ ಇತಿಹಾಸ. ಈ ಕಡತಗಳು ಅಪೂರ್ಣ, ಆತುರದವು, ಒಂದು ಪಕ್ಷದವು ಎಂದು ನಾನೇ ಮೇಲೆ ಬರೆದಿದ್ದೇನೆ. ಆದರೂ ಅವುಗಳಲ್ಲಿ ಹೆಸರಿದೆ, ತಾರೀಖಿದೆ, ಊರಿದೆ. ಒಬ್ಬ ಸಾಕ್ಷಿ ಇನ್ನೊಬ್ಬನಿಗೆ ವಿರುದ್ಧವಾಗಿ ಹೇಳಿದ್ದಿದೆ. ಉತ್ಸವದ ಭಾಷಣದಲ್ಲಿ ಇದ್ಯಾವುದೂ ಇರುವುದಿಲ್ಲ.

ಆದ್ದರಿಂದ ಸಂಘದ ಮುಂದೆ ಕೆಲವು ಕೆಲಸಗಳನ್ನಿಡುತ್ತೇನೆ. ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೈಕೋರ್ಟಿನ ರಿಜಿಸ್ಟ್ರಾರರಿಗೂ ಸಂಘದ ಪರವಾಗಿ ಪತ್ರ ಬರೆಯಬೇಕು: 1358 ಮತ್ತು 1359 ಫಸಲಿಯ ವಿಶೇಷ ನ್ಯಾಯಮಂಡಳಿಗಳ ಮಿಸಲುಗಳಲ್ಲಿ ಉಳಿದಿರುವುವನ್ನು ಹೊಸ ಕಟ್ಟಡಕ್ಕೆ ಹೊರಡುವ ಮುನ್ನ ಪಟ್ಟಿ ಮಾಡಿ, ಛಾಯಾಚಿತ್ರ ತೆಗೆದಿಡಲಿ. 2005ರ ಮಾಹಿತಿ ಹಕ್ಕಿನ ಕಾಯಿದೆಯ 8ನೆಯ ಕಲಮಿನ ಪ್ರಕಾರ ಇಪ್ಪತ್ತು ವರ್ಷಕ್ಕೂ ಹಳೆಯ ಘಟನೆಗಳ ಮಾಹಿತಿಯನ್ನು, ಕೆಲವೇ ವಿನಾಯಿತಿಗಳನ್ನು ಬಿಟ್ಟು, ಕೊಡಲೇಬೇಕು; ನಮ್ಮ ನಿವೃತ್ತ ವಕೀಲ ಸದಸ್ಯರು ಆ ಅರ್ಜಿಗಳ ಹೊಣೆ ಹೊರಬೇಕು. ಉರ್ದು ಓದಬಲ್ಲ ಕನ್ನಡಿಗರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ, ಉಸ್ಮಾನಿಯಾದ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರು ಎಂಬತ್ತರ ಮೇಲಿನವರು. ಅವರ ಕಣ್ಣು ಮಂಜಾಗುವ ಮುನ್ನ ತರುಣರಿಬ್ಬರನ್ನು ಪಕ್ಕದಲ್ಲಿ ಕೂರಿಸಿ ಶಿಕಸ್ತಾ ಬರಹ ಓದುವುದನ್ನು ಕಲಿಸಬೇಕು. ಭಾನುವಾರದ ಎರಡು ತಾಸು ಸಾಕು, ಗ್ರಂಥಾಲಯದ ಕೋಣೆ ಖಾಲಿಯೇ ಇರುತ್ತದೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ಬೀದರ, ಕಲಬುರಗಿ, ರಾಯಚೂರು ಮೂಲದ ಮನೆಗಳಲ್ಲಿ ಹಳೆಯ ಟ್ರಂಕಿನ ತಳದಲ್ಲಿ ಸಮನ್ಸಿನ ಪ್ರತಿ, ಜಾಮೀನು ಕಾಗದ, ಜೈಲಿನಿಂದ ಬರೆದ ಕಾರ್ಡು, ತೀರ್ಪಿನ ನಕಲು, ಯಾವ ಪಕ್ಷದವರದೇ ಆಗಿರಲಿ, ಇದ್ದರೆ ಅದರ ನಕಲನ್ನು ಸಂಘದ ಕಚೇರಿಗೆ ತಲುಪಿಸಿ. ಮೂಲವನ್ನು ಕಳಿಸಬೇಡಿ, ಅದು ನಿಮ್ಮ ಮನೆಯಲ್ಲೇ ಇರಲಿ. ಹೆಸರು ಮುದ್ರಿಸಬಾರದೆಂದಿದ್ದರೆ ಹಾಗೆಂದು ಬರೆದರೆ ಸಾಕು. ಉರ್ದುವಿನಲ್ಲಿದ್ದು ಓದಲಾಗದಿದ್ದರೆ ಭಾನುವಾರ ಬೆಳಿಗ್ಗೆ ಹತ್ತರ ನಂತರ ತನ್ನಿ. ಓದಿ ಹೇಳುವವರು ಅಲ್ಲಿರುತ್ತಾರೆ.